ನಾಲ್ಕೈದು ಪೋರ್ಷನ್‌ಗಳ ಹಳೇ ಮನೆ ಕೊಂಡು ರಿಪೇರಿ ಮಾಡಿಸುವುದು: ಬೆಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹನುಮಂತನಗರ, ಶ್ರೀನಗರ, ರಾಜಾಜಿನಗರ, ವಿಜಯನಗರದ ಕಡೆ ಮನೆ ಹುಡುಕುವವರಿಗೆ ಬ್ರೋಕರ್‌ಗಳಿಂದ ಒಂದೇ ಧಾಟಿಯ ಮೆಸೇಜ್ ಬರುತ್ತಿರುತ್ತದೆ. "ಥರ್ಟಿ ಫಾರ್ಟಿ, ಗ್ರೌಂಡ್ ಪ್ಲಸ್ ಟೂ, ಐದು ಪೋರ್ಷನ್, ಒಳ್ಳೇ ಬಾಡಿಗೆ, ಸ್ವಲ್ಪ ರಿಪೇರಿ ಇದೆ." ಆ "ಸ್ವಲ್ಪ ರಿಪೇರಿ" ಎಂದರೆ ಏನು, ಆ ಐದು ಪೋರ್ಷನ್‌ಗಳಲ್ಲಿ (ಒಂದೇ ಕಟ್ಟಡದ ಬೇರೆ ಬೇರೆ ಬಾಡಿಗೆ ಮನೆಗಳಲ್ಲಿ) ಯಾರು ಯಾವ ಕರಾರಿನ ಮೇಲೆ ಇದ್ದಾರೆ ಎನ್ನುವುದು ಮೆಸೇಜಿನಲ್ಲಿ ಇರುವುದಿಲ್ಲ. ಲಾಭ ನಷ್ಟ ನಿಂತಿರುವುದು ಮಾತ್ರ ಅದರ ಮೇಲೆಯೇ.

ಇಂಥ ಮನೆ ನೋಡುವಾಗ ಹೆಚ್ಚಿನವರು ಸೈಟಿನ ಅಳತೆ, ದಿಕ್ಕು, ಟೈಲ್ಸ್, ಬಣ್ಣ ನೋಡುತ್ತಾರೆ. ನಾನು ಹೇಳುವುದು ಬೇರೆ. ಮೊದಲು ಬಾಡಿಗೆದಾರರ ಕಾಗದ ನೋಡಿ. ಆಮೇಲೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ. ಅದಾದ ಮೇಲೆ ಮಾರುವವರ ಕುಟುಂಬದಲ್ಲಿ ಯಾರ್‍ಯಾರು ಸಹಿ ಹಾಕಬೇಕು ಎನ್ನುವುದನ್ನು ನೋಡಿ. ಈ ಮೂರು ಸರಿಯಿದ್ದರೆ ಉಳಿದದ್ದನ್ನೆಲ್ಲ ದುಡ್ಡು ಮತ್ತು ಸಮಯ ಕೊಟ್ಟು ಸರಿ ಮಾಡಿಕೊಳ್ಳಬಹುದು.

ಹಂತ 1: ಮನೆ ನೋಡುವ ಮುಂಚೆ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ. ನಿಮ್ಮ ಏರಿಯಾದ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿ.

ಮನೆಯ ಬೆಲೆ 2 ಕೋಟಿ 20 ಲಕ್ಷ ಎನ್ನೋಣ. ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ 5.6% ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಯಿತು. ಒಟ್ಟು 7.6%. ಅಂದರೆ ರಿಜಿಸ್ಟ್ರೇಷನ್‌ಗೇ 16 ಲಕ್ಷ 72 ಸಾವಿರ. ಬ್ರೋಕರ್ ಕಮಿಷನ್ 1% ಎಂದರೂ 2 ಲಕ್ಷ 20 ಸಾವಿರ. ವಕೀಲರು, ಎಂಜಿನಿಯರ್ ಸೇರಿ 1 ಲಕ್ಷ. ರಿಪೇರಿಗೆ 28 ಲಕ್ಷ. ಎಲ್ಲ ಕೂಡಿದರೆ ಸುಮಾರು 2 ಕೋಟಿ 68 ಲಕ್ಷ.

ಈಗ ಬಾಡಿಗೆ. ಮೂರು ಸಿಂಗಲ್ ಬೆಡ್‌ರೂಮ್ ಪೋರ್ಷನ್‌ಗಳಿಗೆ ತಲಾ 14,000, ಎರಡು ಡಬಲ್ ಬೆಡ್‌ರೂಮ್‌ಗಳಿಗೆ ತಲಾ 21,000. ತಿಂಗಳಿಗೆ 84,000, ವರ್ಷಕ್ಕೆ 10 ಲಕ್ಷ 8 ಸಾವಿರ. ಖಾಲಿ ಬಿದ್ದ ತಿಂಗಳುಗಳು, ಆಸ್ತಿ ತೆರಿಗೆ, ಸಣ್ಣಪುಟ್ಟ ಖರ್ಚು ಕಳೆದರೆ 8 ಲಕ್ಷ 80 ಸಾವಿರ ಉಳಿಯಿತು ಎನ್ನಿ. ಹಾಕಿದ ದುಡ್ಡಿನ ಮೇಲೆ 3.3% ಕೂಡ ಆಗಲಿಲ್ಲ.

ಆದರೆ ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ರಿಪೇರಿಗೆ ಮುಂಚೆ ಆ ಮನೆಗೆ ಬರುತ್ತಿದ್ದ ಬಾಡಿಗೆ 55,000 ಆಗಿದ್ದರೆ, ಹೆಚ್ಚಾದದ್ದು ತಿಂಗಳಿಗೆ 29,000. ವರ್ಷಕ್ಕೆ 3 ಲಕ್ಷ 48 ಸಾವಿರ. ಹಾಕಿದ 28 ಲಕ್ಷಕ್ಕೆ ಇದು 12%ಗಿಂತ ಜಾಸ್ತಿ. ಅಂದರೆ ಸೈಟಿಗೆ ಕೊಟ್ಟ ದುಡ್ಡು ನಿಧಾನವಾಗಿ ಬೆಳೆಯುತ್ತದೆ, ಸರಿಯಾದ ಜಾಗದಲ್ಲಿ ಹಾಕಿದ ರಿಪೇರಿ ದುಡ್ಡು ಬೇಗ ದುಡಿಯುತ್ತದೆ. ಅದಕ್ಕೇ ಕೊಳ್ಳುವಾಗ ಚೌಕಾಸಿ ಮಾಡಿ ಉಳಿಸಬೇಕು, ರಿಪೇರಿಯಲ್ಲಿ ಉಳಿಸಲು ಹೋಗಬಾರದು.

ಸಾಲದ ಬಗ್ಗೆ ಒಂದು ಮಾತು. 1 ಕೋಟಿ 40 ಲಕ್ಷ ಸಾಲಕ್ಕೆ 8.5% ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 1 ಲಕ್ಷ 21 ಸಾವಿರ. ಮೇಲಿನ ಬಾಡಿಗೆ ಪೂರ್ತಿ ಬಂದರೂ ಕಂತು ತುಂಬುವುದಿಲ್ಲ. "ಬಾಡಿಗೆಯಲ್ಲೇ ಇಎಂಐ ಹೋಗುತ್ತೆ" ಎಂದು ಯಾರಾದರೂ ಹೇಳಿದರೆ ಅವರ ಎದುರೇ ಕ್ಯಾಲ್ಕುಲೇಟರ್ ತೆಗೆಯಿರಿ. ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲದಲ್ಲಿ ಬ್ಯಾಂಕ್ ಕೊಡಬಹುದಾದದ್ದು ಆಸ್ತಿಯ ಮೌಲ್ಯದ 75% ಮಾತ್ರ. ಹಳೇ ಕಟ್ಟಡಕ್ಕೆ ಬ್ಯಾಂಕಿನ ವ್ಯಾಲ್ಯುಯರ್ ಹಾಕುವ ಮೌಲ್ಯ ನೀವು ಕೊಡುವ ಬೆಲೆಗಿಂತ ಕಡಿಮೆ ಇರುವುದೂ ಉಂಟು. ಕೈಯಿಂದ ಹಾಕಬೇಕಾದ ದುಡ್ಡು ಎಷ್ಟೆಂದು ಮೊದಲೇ ಗೊತ್ತಿರಲಿ.

ಹಂತ 2: ಮೊದಲ ಭೇಟಿ, ಕೆಳಗಿನಿಂದ ಮೇಲಕ್ಕೆ

ಸಾಧ್ಯವಾದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ನೋಡಿ. ಬೆಂಗಳೂರಿನಲ್ಲಿ ಮಳೆ ಜೋರಾಗಿ ಸುರಿಯುವುದು ಆಗಲೇ. ಬೇಸಿಗೆಯಲ್ಲಿ ಬಣ್ಣ ಹೊಡೆಸಿ ಮುಚ್ಚಿಟ್ಟ ತೇವವೆಲ್ಲ ಆಗ ಗೋಡೆ ಮೇಲೆ ಎದ್ದು ಕಾಣುತ್ತದೆ.

ಒಳಗೆ ಹೋಗುವ ಮುಂಚೆ ರಸ್ತೆ ನೋಡಿ. ಮನೆ ರಸ್ತೆಗಿಂತ ತಗ್ಗಿನಲ್ಲಿದೆಯೇ? ಬೆಂಗಳೂರಿನ ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರ ಏರುತ್ತಲೇ ಹೋಗಿದೆ. 40 ವರ್ಷದ ಹಿಂದೆ ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಹತ್ತಿರದಲ್ಲಿ ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ ಇದೆಯೇ ಎಂದೂ ವಿಚಾರಿಸಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆಯಂಗಳ ತುಂಬಿಸಿ ಕಟ್ಟಿದ ಬಡಾವಣೆಗಳು ಈ ಊರಿನಲ್ಲಿ ಇನ್ನೂ ಇವೆ. ಮಳೆನೀರು ತನ್ನ ಹಳೇ ದಾರಿ ಹಿಡಿದೇ ಬರುತ್ತದೆ. ಕಾಲುವೆಯ ಬಫರ್ (ಕಟ್ಟಡ ಕಟ್ಟಬಾರದ ಅಂಚಿನ ಜಾಗ) ಒಳಗೆ ಬರುವ ಮನೆಯಾದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.

ಒಳಗೆ ಗೋಡೆ ಮತ್ತು ತಾರಸಿ ಯಾವ ಕಾಲದ್ದು ಎಂದು ತಿಳಿಯಿರಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಮದ್ರಾಸ್ ತಾರಸಿ ಸಿಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಮಾಳಿಗೆ ಅದು. ಅಲ್ಲಿ ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಮೆತ್ತಗೆ ಒಳಹೋದರೆ ಗೆದ್ದಲು ಅಥವಾ ಕೊಳೆತ. ಆಮೇಲಿನ ಕಾಲದ ಮನೆಗಳಲ್ಲಿ ಸೈಜುಗಲ್ಲಿನ ಪಾಯ, ಭಾರ ಹೊರುವ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಮೋಲ್ಡ್. ಇಲ್ಲಿ ಮುಖ್ಯವಾಗಿ ಮೂರು ಕಡೆ ನೋಡಿ. ಬಾತ್‌ರೂಮಿನ ಕೆಳಗಿನ ಮನೆಯ ಸೀಲಿಂಗ್, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಮೋಲ್ಡ್, ಕಿಟಕಿ ಮೇಲಿನ ಸಜ್ಜಾ. ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ನೀರು ಬಹಳ ವರ್ಷಗಳಿಂದ ಒಳಗೆ ಇಳಿಯುತ್ತಿದೆ ಎಂದರ್ಥ.

ಎಲ್ಲ ಬಿರುಕುಗಳೂ ಅಪಾಯವಲ್ಲ. ಪ್ಲಾಸ್ಟರಿನ ಕೂದಲೆಳೆ ಬಿರುಕುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಬದಿ ಕಾಣುವ ಬಿರುಕು ಪಾಯ ಕುಸಿದಿರುವ ಲಕ್ಷಣ. ಅಂಥದ್ದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬರಲೇಬೇಕು. ಕಾಂಕ್ರೀಟಿನ ಗಟ್ಟಿತನ ತಿಳಿಯಲು ರೀಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ, ಅನುಮಾನವಿದ್ದರೆ ಕೋರ್ ತೆಗೆದು ಪರೀಕ್ಷೆ ಮಾಡಿ ಅವರು ವರದಿ ಕೊಡುತ್ತಾರೆ. ಮೇಲೆ ಇನ್ನೊಂದು ಅಂತಸ್ತು ಎತ್ತುವ ಆಸೆ ಇದ್ದವರಂತೂ ಈ ವರದಿ ಇಲ್ಲದೆ ಅಡ್ವಾನ್ಸ್ ಕೊಡಲೇಬಾರದು. ಎರಡು ಅಂತಸ್ತಿಗೆಂದು ಹಾಕಿದ ಪಾಯಕ್ಕೆ ಮೂರನೆಯದನ್ನು ಹೊರಿಸುವ ಕೆಲಸ ನಮ್ಮ ಊರಿನಲ್ಲಿ ಜಾಸ್ತಿ ನಡೆಯುತ್ತದೆ. ಆ ಮನೆಗಳಲ್ಲಿ ಮಲಗುವವರು ಮನುಷ್ಯರು.

ಹಂತ 3: ಬಾಡಿಗೆದಾರರನ್ನು ಭೇಟಿ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಓನರ್ ಒಪ್ಪಿಗೆ ಪಡೆದು ಪ್ರತಿ ಪೋರ್ಷನ್‌ಗೂ ಹೋಗಿ. ಬ್ರೋಕರ್ ಜೊತೆಗಿಲ್ಲದಿದ್ದರೆ ಇನ್ನೂ ಒಳ್ಳೆಯದು. ಕೂತು ಸಮಾಧಾನವಾಗಿ ಮಾತಾಡಿ. "ಅಮ್ಮ, ನಲ್ಲಿ ನೀರು ಯಾವ ದಿನ ಬರುತ್ತೆ?" "ಮಳೆ ಬಂದ್ರೆ ಎಲ್ಲಿ ಸೋರುತ್ತೆ?" "ಕರೆಂಟ್ ಮೀಟರ್ ನಿಮಗೇ ಬೇರೆ ಇದೆಯಾ?" "ಅಡ್ವಾನ್ಸ್ ಎಷ್ಟು ಕೊಟ್ಟಿದ್ದೀರಿ?" ಎಂಜಿನಿಯರ್ ವರದಿಯಲ್ಲಿ ಬರದ ಸಂಗತಿಗಳು ಈ ಮಾತುಕತೆಯಲ್ಲಿ ಬರುತ್ತವೆ. ಹತ್ತು ವರ್ಷದಿಂದ ಅಲ್ಲೇ ಅಡುಗೆ ಮಾಡುತ್ತಿರುವ ಅಜ್ಜಿಗೆ ಯಾವ ಚರಂಡಿ ಛೇಂಬರ್ ಯಾವಾಗ ಕಟ್ಟಿಕೊಳ್ಳುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಮುಖ್ಯವಾಗಿ ಕೇಳಬೇಕಾದದ್ದು: ಬಾಡಿಗೆಗೆ ಇದ್ದೀರೋ, ಲೀಸ್‌ಗೆ ಇದ್ದೀರೋ? ಬೆಂಗಳೂರಿನ ಲೀಸ್, ಅಂದರೆ ಜನ ಭೋಗ್ಯ ಎನ್ನುವ ವ್ಯವಹಾರ, ಹೊರ ಊರಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಒಂದೇ ಸಲ ಐದೋ ಎಂಟೋ ಹತ್ತೋ ಲಕ್ಷ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇರುತ್ತಾರೆ. ಬಿಡುವಾಗ ಪೂರ್ತಿ ದುಡ್ಡು ವಾಪಸ್. ಓನರ್ ಆ ದುಡ್ಡನ್ನು ಆಗಲೇ ಖರ್ಚು ಮಾಡಿರುತ್ತಾರೆ. ಎಷ್ಟೋ ಮನೆಗಳು ಮಾರಾಟಕ್ಕೆ ಬರುವುದೇ ಲೀಸ್ ದುಡ್ಡು ವಾಪಸ್ ಕೊಡಲಾಗದೆ. ಈ ಕರಾರುಗಳು ಬಹಳ ಕಡೆ ರಿಜಿಸ್ಟರ್ ಆಗಿರುವುದಿಲ್ಲ, ಹಾಗಾಗಿ ಇಸಿಯಲ್ಲಿ, ಅಂದರೆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಕಾಣಲಿಲ್ಲ ಎಂದು ನೀವು ತಪ್ಪಿಸಿಕೊಳ್ಳಲಾಗದು. ಮನೆಯಲ್ಲಿ ಒಬ್ಬರು ವಾಸವಿದ್ದಾರೆ ಎಂದರೆ ಅವರ ಹಕ್ಕು ಏನೆಂದು ವಿಚಾರಿಸುವ ಹೊಣೆ ಕೊಳ್ಳುವವರದು ಎಂದು ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ.

ಐದರಲ್ಲಿ ಎರಡು ಪೋರ್ಷನ್ ತಲಾ 8 ಲಕ್ಷದ ಲೀಸ್‌ನಲ್ಲಿದ್ದರೆ 16 ಲಕ್ಷದ ಸಾಲವನ್ನೂ ನೀವು ಮನೆಯ ಜೊತೆಗೆ ಕೊಳ್ಳುತ್ತಿದ್ದೀರಿ. ಬಾಡಿಗೆಯವರ ಅಡ್ವಾನ್ಸ್ ಕೂಡ ಹಾಗೆಯೇ. ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಹಳೇ ರೂಢಿ. ಪ್ರತಿ ಪೋರ್ಷನ್‌ನ ಕರಾರಿನ ನಕಲು ತೆಗೆದುಕೊಳ್ಳಿ. ಕರಾರಿನಲ್ಲಿರುವ ಮೊತ್ತವೂ ಬಾಡಿಗೆದಾರರು ಹೇಳುವ ಮೊತ್ತವೂ ಒಂದೇ ಇದೆಯೇ ನೋಡಿ. ಎಲ್ಲವನ್ನೂ ಒಂದು ಪಟ್ಟಿ ಮಾಡಿ ಓನರ್ ಮತ್ತು ಬಾಡಿಗೆದಾರರ ಸಹಿ ಹಾಕಿಸಿ. ಆ ಒಟ್ಟು ಮೊತ್ತವನ್ನು ಮನೆಯ ಬೆಲೆಯಿಂದ ಕಳೆಯಬೇಕು. ಇಲ್ಲವೇ ರಿಜಿಸ್ಟ್ರೇಷನ್ ದಿನ ನಿಮ್ಮೆದುರೇ ಓನರ್ ಅದನ್ನು ಹಿಂತಿರುಗಿಸಬೇಕು.

ತೀರಾ ಕಡಿಮೆ ಬಾಡಿಗೆಗೆ ದಶಕಗಳಿಂದ ಇರುವ ಕುಟುಂಬಗಳೂ ಸಿಗುತ್ತವೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುತ್ತದೆ. ಅಂಥ ಬಾಡಿಗೆದಾರರಿದ್ದರೆ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. "ನೀವು ತಗೊಳ್ಳಿ ಸಾರ್, ಆಮೇಲೆ ನಾವೇ ಖಾಲಿ ಮಾಡಿಸ್ತೀವಿ" ಎಂಬ ಮಾತು ಕೇಳಿದ ಕೂಡಲೇ ಹಿಂದೆ ಸರಿಯಿರಿ. ಬೆದರಿಸಿ, ನೀರು ನಿಲ್ಲಿಸಿ, ಕರೆಂಟ್ ತೆಗೆಸಿ ಜನರನ್ನು ಹೊರಹಾಕುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ.

ಎಲ್ಲರನ್ನೂ ಖಾಲಿ ಮಾಡಿಸುವ ಅಗತ್ಯವಾದರೂ ಏನಿದೆ? ಒಳ್ಳೆಯ ಬಾಡಿಗೆದಾರರು ಇದ್ದರೆ ಅವರನ್ನು ಉಳಿಸಿಕೊಂಡೇ ಒಂದೊಂದೇ ಪೋರ್ಷನ್ ರಿಪೇರಿ ಮಾಡಬಹುದು. ಮೊದಲು ಖಾಲಿ ಇರುವ ಮನೆ ಮುಗಿಸಿ, ಪಕ್ಕದ ಪೋರ್ಷನ್‌ನವರನ್ನು ಅದಕ್ಕೆ ಕಳಿಸಿ, ಅವರ ಮನೆ ಹಿಡಿಯಿರಿ. ಕೆಲಸ ನಿಧಾನವಾಗುತ್ತದೆ ನಿಜ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಹಂತ 4: ಕಾಗದಪತ್ರ

ಇದನ್ನು ವಕೀಲರೇ ನೋಡಬೇಕು. ಆದರೂ ಏನು ಕೇಳಬೇಕೆಂದು ನಿಮಗೆ ಗೊತ್ತಿರಬೇಕು.

ಮೂಲಪತ್ರದಿಂದ ಇವತ್ತಿನವರೆಗೆ ಕೊಂಡಿ ಕಳಚದ ಸರಣಿ ಬೇಕು. ಕನಿಷ್ಠ 30 ವರ್ಷದ ಇಸಿ ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕಗಳಿಂದ ಹುಡುಕಿಸಬೇಕು. ಹಳೇ ಬಡಾವಣೆಯಾದರೆ ಕಾಗದದಲ್ಲಿ ಸಿಐಟಿಬಿ ಹೆಸರು ಇರಬಹುದು. 1976ರಲ್ಲಿ ಬಿಡಿಎ ಬರುವ ಮುಂಚೆ ಸೈಟ್ ಹಂಚುತ್ತಿದ್ದದ್ದು ಆ ಸಂಸ್ಥೆ. ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ಅವಧಿ ಮುಗಿದ ಮೇಲಿನ ಶುದ್ಧ ಕ್ರಯಪತ್ರ, ಎಲ್ಲ ಇರಲಿ. ಬರೀ ಜಿಪಿಎ (ಬೇರೆಯವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಇಟ್ಟುಕೊಂಡು ಮಾರುವವರಿಂದ ದೂರವಿರಿ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬಡಾವಣೆ ಎದ್ದಿರುವುದು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಮೇಲಾದರೆ, ಅದರ ಮಾರಾಟವನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಶ್ನೆ ಇದೆಯೇ ಎಂದು ವಕೀಲರನ್ನು ಬಾಯಿಬಿಟ್ಟು ಕೇಳಿ.

ಹಳೇ ಮನೆಗಳಲ್ಲಿ ದೊಡ್ಡ ತೊಡಕು ಕುಟುಂಬದ್ದು. ಅಪ್ಪ ಕಟ್ಟಿಸಿದ ಮನೆ, ವಿಲ್ ಇಲ್ಲ, ನಾಲ್ಕು ಮಕ್ಕಳು, ಮಾರಲು ಬಂದವರು ಗಂಡುಮಕ್ಕಳು ಇಬ್ಬರು. "ತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎನ್ನುತ್ತಾರೆ. ಆ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಿಂದೂ ಕುಟುಂಬದಲ್ಲಿ ಅಪ್ಪನ ಸ್ವಂತ ಗಳಿಕೆಯ ಮನೆಗೆ ವಿಲ್ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಇಡೀ ದೇಶಕ್ಕೆ 2005ರಲ್ಲಿ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಸಬ್ ರಿಜಿಸ್ಟ್ರಾರ್ ಎದುರು ಸಹಿ ಹಾಕಲಿ, ಇಲ್ಲವೇ ರಿಜಿಸ್ಟರ್ ಆದ ಹಕ್ಕು ಬಿಡುಗಡೆ ಪತ್ರ ಕೊಡಲಿ. ಆ ತಂಗಿಯರಿಗೆ ಅವರ ಪಾಲು ನಿಜವಾಗಿ ಸೇರುತ್ತದೆ ಎನ್ನುವುದೂ ಸಣ್ಣ ವಿಷಯವಲ್ಲ.

ಇನ್ನು ಖಾತೆ, ಅಂದರೆ ಪಾಲಿಕೆಯ ಆಸ್ತಿ ತೆರಿಗೆ ದಾಖಲೆ. 2024ರ ಅಕ್ಟೋಬರ್‌ನಿಂದ ಇ-ಖಾತಾ (ಅದರ ಎಲೆಕ್ಟ್ರಾನಿಕ್ ರೂಪ) ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಎ ಖಾತೆಯೋ ಬಿ ಖಾತೆಯೋ ನೋಡಿ. ನಿಯಮದಂತೆ ಆದ ಆಸ್ತಿಗೆ ಎ, ಅನುಮೋದನೆಯ ಕೊರತೆ ಇರುವುದಕ್ಕೆ ಬಿ. ಬಿ ಖಾತೆಗೆ ಸಾಲ ಸಿಗುವುದು ಕಷ್ಟ, ಪ್ಲಾನ್ ಮಂಜೂರಾತಿಯೂ ಕಷ್ಟ. 2025ರ ಕೊನೆಗೆ ಬಿ ಖಾತೆಯನ್ನು ಎ ಖಾತೆಗೆ ಬದಲಿಸಿಕೊಳ್ಳಲು ಸರ್ಕಾರ ಅವಕಾಶ ಕೊಟ್ಟಿತು. ಅದಕ್ಕೆ ಶುಲ್ಕವಿದೆ. ಬದಲಾಯಿಸಿ ಮಾರುತ್ತಾರೋ ಹಾಗೇ ಮಾರುತ್ತಾರೋ ಎನ್ನುವುದರ ಮೇಲೆ ಬೆಲೆ ಮಾತಾಡಿ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಮನೆ ಯಾವ ಪಾಲಿಕೆಗೆ ಸೇರುತ್ತದೆ ಎಂದು ಮೊದಲೇ ತಿಳಿದುಕೊಂಡರೆ ಓಡಾಟ ಉಳಿಯುತ್ತದೆ.

ಆಸ್ತಿ ತೆರಿಗೆ ರಸೀದಿಯನ್ನು ಸುಮ್ನೆ ಇಟ್ಟುಕೊಳ್ಳಬೇಡಿ, ಓದಿ. ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಗಿಂತ ತೆರಿಗೆ ದರ ಹೆಚ್ಚು. ಐದು ಪೋರ್ಷನ್ ಬಾಡಿಗೆಗಿಟ್ಟು ಸ್ವಂತ ವಾಸ ಎಂದು ತೋರಿಸಿದ್ದರೆ ಹಿಂದಿನ ವರ್ಷಗಳ ವ್ಯತ್ಯಾಸ ಮತ್ತು ದಂಡ ಮುಂದೆ ನಿಮ್ಮ ಬಾಗಿಲಿಗೇ ಬರುತ್ತದೆ.

ಕೊನೆಯದಾಗಿ ಮಂಜೂರಾದ ಪ್ಲಾನ್. ಪ್ಲಾನಿನಲ್ಲಿ ಇರುವುದಕ್ಕಿಂತ ಒಂದು ಅಂತಸ್ತು ಜಾಸ್ತಿ ಕಟ್ಟಿದ್ದರೆ ಆ ಅಂತಸ್ತಿನ ಬಾಡಿಗೆಯನ್ನು ನಿಮ್ಮ ಲೆಕ್ಕದಿಂದ ತೆಗೆದುಬಿಡಿ. "ಅಕ್ರಮ ಸಕ್ರಮದಲ್ಲಿ ಆಗುತ್ತೆ" ಎಂಬ ಭರವಸೆಗೆ ದುಡ್ಡು ಕೊಡಬೇಡಿ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿ ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತ್ತು.

ಹಂತ 5: ಬೆಲೆ, ಅಗ್ರಿಮೆಂಟ್, ರಿಜಿಸ್ಟ್ರೇಷನ್

ಬೆಲೆ ಮಾತಾಡುವಾಗ ಭೂಮಿಗೆ ಬೆಲೆ ಕಟ್ಟಿ, ಕಟ್ಟಡಕ್ಕೆ ಉಳಿದಿರುವ ಆಯಸ್ಸಿನಷ್ಟೇ ಕಟ್ಟಿ, ರಿಪೇರಿ ಅಂದಾಜನ್ನು ಕಾಗದದ ಮೇಲೆ ತೋರಿಸಿ ಕಳೆಯಿರಿ. ಆಷಾಢದಲ್ಲಿ ಕೊಳ್ಳುವವರು ಕಡಿಮೆ. ಚೌಕಾಸಿಗೆ ಒಳ್ಳೆಯ ಕಾಲ.

ಅಗ್ರಿಮೆಂಟಿನಲ್ಲಿ ಬಾಡಿಗೆದಾರರ ಪಟ್ಟಿ, ಅಡ್ವಾನ್ಸ್ ಮತ್ತು ಲೀಸ್ ಮೊತ್ತ, ಬೆಸ್ಕಾಂ ಮತ್ತು ಜಲಮಂಡಳಿ ಬಾಕಿ, ಎಲ್ಲ ಬರೆಸಿ. ಬೆಲೆಯ ಒಂದು ಭಾಗವನ್ನು ಪೋರ್ಷನ್ ಖಾಲಿಯಾದ ಮೇಲೆ ಕೊಡುತ್ತೇನೆ ಎಂಬ ಷರತ್ತು ಹಾಕಿಸಬಹುದು. ವಕೀಲರಿಂದ ಎರಡು ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ದುಬಾರಿಯೇನಲ್ಲ, ದೂರದ ಹಕ್ಕುದಾರರು ಇದ್ದರೆ ಎದ್ದು ಬರುತ್ತಾರೆ.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ 1% ಟಿಡಿಎಸ್ (ಮಾರುವವರಿಗೆ ಕೊಡುವ ಹಣದಿಂದ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಕರ್ತವ್ಯ. ಮಾರುವವರಲ್ಲಿ ಒಬ್ಬರಾದರೂ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿದ್ದರೆ ಅವರ ಪಾಲಿಗೆ ಟಿಡಿಎಸ್ ಬಹಳ ಹೆಚ್ಚು, ಕ್ರಮವೂ ಬೇರೆ. ಆಡಿಟರ್ ಹತ್ತಿರ ಹೋಗಲೇಬೇಕು.

ಹಂತ 6: ರಿಪೇರಿ, ನೀರಿನಿಂದ ಶುರು

ಕೆಡವಿ ಹೊಸದು ಕಟ್ಟೋಣವೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಎಂಜಿನಿಯರ್ ಕಟ್ಟಡ ಗಟ್ಟಿಯಿದೆ ಎಂದರೆ ನನ್ನ ಒಲವು ಉಳಿಸುವುದರ ಕಡೆಗೆ. ಹಳೇ ಮನೆಗಳು ಬೇಲಿಗೆ ಅಂಟಿಕೊಂಡಂತೆ ಕಟ್ಟಿರುತ್ತವೆ. ಕೆಡವಿದರೆ ಈಗಿನ ನಿಯಮದಂತೆ ಸುತ್ತ ಜಾಗ ಬಿಡಬೇಕು, ಪಾರ್ಕಿಂಗ್ ಬಿಡಬೇಕು. ಎರಡು ವರ್ಷ ಬಾಡಿಗೆ ಇಲ್ಲ. ಹೊಸ ಕರೆಂಟ್, ನೀರಿನ ಸಂಪರ್ಕದ ವಿಷಯವೂ ಇದೆ. ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸ ಮೀಟರ್ ಸಿಗುವುದು ಬಿಗಿಯಾಯಿತು. 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ 2025ರಲ್ಲಿ ಸರ್ಕಾರ ಓಸಿಯಿಂದ ವಿನಾಯಿತಿ ಕೊಟ್ಟಿತು, ಅದರ ಷರತ್ತು ವಿಚಾರಿಸಿಕೊಳ್ಳಿ. ಹಳೇ ಮನೆಯಲ್ಲಿ ಈಗಾಗಲೇ ಇರುವ ಐದು ಮೀಟರ್‌ಗಳಿಗೆ ಹಾಗಿದ್ದರೂ ಬೆಲೆ ಇದೆ.

ಪ್ಲಾಸ್ಟರ್, ನೆಲ, ಪೈಪು, ವೈರಿಂಗ್, ಬಣ್ಣದಂಥ ಕೆಲಸಕ್ಕೆ ಪ್ಲಾನ್ ಮಂಜೂರಾತಿ ಬೇಡ. ಕಟ್ಟಡ ವಿಸ್ತರಿಸುವುದಕ್ಕೆ, ಅಂತಸ್ತು ಏರಿಸುವುದಕ್ಕೆ ಬೇಕು. ಭಾರ ಹೊರುವ ಗೋಡೆಯನ್ನು ಹಾಲ್ ದೊಡ್ಡದಾಗಲೆಂದು ಒಡೆಸುವ ಯೋಚನೆ ಬಂದರೆ ಮೇಸ್ತ್ರಿಯ "ಏನೂ ಆಗಲ್ಲ ಸಾರ್" ಮಾತಿನ ಮೇಲೆ ಹೋಗಬೇಡಿ. ಎಂಜಿನಿಯರ್ ಬರೆದುಕೊಟ್ಟರೆ ಮಾತ್ರ ಮುಟ್ಟಿ.

ಕೆಲಸದ ಕ್ರಮ ಹೀಗಿರಲಿ: ಮೊದಲು ತಾರಸಿ, ಆಮೇಲೆ ಕಂಬಿ ಕಾಂಕ್ರೀಟ್, ಆಮೇಲೆ ಸ್ಯಾನಿಟರಿ ಮತ್ತು ನೀರಿನ ಲೈನು, ಆಮೇಲೆ ವೈರಿಂಗ್, ಆಮೇಲೆ ಬಾತ್‌ರೂಮು ಅಡುಗೆಮನೆ, ಕೊನೆಗೆ ನೆಲ ಮತ್ತು ಬಣ್ಣ. ಬಣ್ಣದಿಂದ ಶುರು ಮಾಡಿದವರು ಎರಡು ಸಲ ಬಣ್ಣ ಹೊಡೆಸುತ್ತಾರೆ.

ತಾರಸಿಯಲ್ಲಿ ಇಳಿಜಾರು ಸರಿಮಾಡಿ, ನೀರು ಇಳಿಯುವ ಪೈಪುಗಳನ್ನು ಬಿಡಿಸಿ, ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಕಟ್ಟಿ ನಿಲ್ಲಿಸಿ ಎರಡು ದಿನ ಪರೀಕ್ಷೆ ಮಾಡಿ. ಬಾತ್‌ರೂಮಿಗೂ ಇದೇ ಪರೀಕ್ಷೆ, ಟೈಲ್ಸ್ ಹಾಕುವ ಮುಂಚೆ. ಕೆಳಗಿನ ಮನೆಯವರ ಸೀಲಿಂಗ್ ಒಣಗಿದ್ದರೆ ಮಾತ್ರ ಮುಂದಿನ ಕಂತು ಕೊಡಿ. ಮದ್ರಾಸ್ ತಾರಸಿಯ ಮೇಲೆ ಸಿಮೆಂಟ್ ಬಳಿಸಬೇಡಿ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ತೊಲೆ ಕೊಳೆಸುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೆಲಸಗಾರರನ್ನೇ ಹುಡುಕಿ.

ಕಂಬಿ ಕಾಣುವ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಉದುರುತ್ತದೆ. ಸಡಿಲ ಕಾಂಕ್ರೀಟನ್ನೆಲ್ಲ ತೆಗೆದು, ಕಂಬಿಯ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಮಾರ್ಟರ್ ಹಾಕಬೇಕು. ಕಂಬಿ ಸವೆದು ಸಣ್ಣಗಾಗಿದ್ದರೆ ಹೊಸ ಕಂಬಿ ಸೇರಿಸಬೇಕು. ನೀರು ಬರುವ ಮೂಲ ನಿಲ್ಲಿಸದೆ ಇದನ್ನು ಮಾಡಿಸಿ ಪ್ರಯೋಜನವಿಲ್ಲ.

ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪುಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ತುಕ್ಕು ಕಟ್ಟಿ ದಾರಿ ಕಿರಿದಾಗಿರುತ್ತದೆ. ಎಲ್ಲ ತೆಗೆದು ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿ. ವಠಾರದಂಥ ಮನೆಗಳಲ್ಲಿ ಜಗಳ ಹುಟ್ಟುವುದೇ ನೀರಿನಿಂದ. ಒಂದೇ ಟ್ಯಾಂಕ್, ಒಂದೇ ಮೋಟಾರ್, ಯಾರು ಜಾಸ್ತಿ ಬಳಸಿದರು ಎಂಬ ಮಾತು. ಪೋರ್ಷನ್‌ಗೊಂದು ಪುಟ್ಟ ಟ್ಯಾಂಕ್, ಪ್ರತಿಯೊಂದಕ್ಕೂ ನೀರಿನ ಸಬ್ ಮೀಟರ್, ಮೋಟಾರಿಗೆ ಕಾಮನ್ ಮೀಟರ್ ಹಾಕಿಸಿದರೆ ಅರ್ಧ ಜಗಳ ಮುಗಿದಂತೆ. ಕಾವೇರಿ ನೀರಿನ ದರವನ್ನು ಜಲಮಂಡಳಿ 11 ವರ್ಷಗಳ ನಂತರ 2025ರ ಏಪ್ರಿಲ್‌ನಲ್ಲಿ ಏರಿಸಿತು. ಬಳಕೆ ಏರಿದಂತೆ ದರದ ಸ್ಲ್ಯಾಬ್ ಕೂಡ ಏರುತ್ತದೆ. ಸಂಪು ದೊಡ್ಡದಿರಲಿ, ಮಳೆನೀರು ಕೊಯ್ಲು ಮಾಡಿಸಿ. ಕಾನೂನು ಹೇಳಿದ್ದಕ್ಕೆ ಮಾತ್ರ ಅಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದವರಿಗೆ ಒಂದು ಸಂಪು ನೀರಿನ ಬೆಲೆ ಗೊತ್ತು.

ವೈರಿಂಗ್ ಪೂರ್ತಿ ಬದಲಿಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಇಲ್ಲದ ಎರಡೇ ವೈರಿನ ಲೈನುಗಳಿರುತ್ತವೆ. ಅದರ ಮೇಲೆ ಗೀಸರ್ ಹಾಕುವುದು ಅಪಾಯ. ಪ್ರತಿ ಪೋರ್ಷನ್‌ಗೂ ಎಂಸಿಬಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಕಡ್ಡಾಯ ಎಂದುಕೊಳ್ಳಿ. ಮೊದಲನೆಯದು ಲೋಡ್ ಹೆಚ್ಚಾದರೆ, ಎರಡನೆಯದು ಕರೆಂಟ್ ಸೋರಿದರೆ ಲೈನ್ ಕಡಿಯುತ್ತದೆ. ಪ್ರತಿ ಮನೆಗೂ ಬೇರೆ ಆರ್‌ಆರ್ ನಂಬರ್ (ಬೆಸ್ಕಾಂ ಸಂಪರ್ಕದ ನಂಬರ್) ಇದ್ದರೆ ಬಾಡಿಗೆದಾರರಿಗೂ ಲಾಭ. 2023ರಲ್ಲಿ ಬಂದ ಗೃಹಜ್ಯೋತಿಯ ಉಚಿತ ವಿದ್ಯುತ್ ಸಿಗಬೇಕಾದರೆ ಅವರ ಮನೆಗೆ ಪ್ರತ್ಯೇಕ ಮೀಟರ್ ಬೇಕು. "ಸೆಪರೇಟ್ ಮೀಟರ್ ಇದೆಯಾ?" ಎಂದು ಮನೆ ನೋಡಲು ಬಂದವರು ಕೇಳುತ್ತಾರೆ, ಅಲ್ವಾ? ಅದಕ್ಕೇ.

ಒಂದು ವಿನಂತಿ. ಕೆಂಪು ಗಾರೆ ನೆಲ, ತೇಗದ ಬಾಗಿಲು, ಕಬ್ಬಿಣದ ಸರಳಿನ ಮರದ ಕಿಟಕಿ ಇದ್ದರೆ ಕಿತ್ತು ಹಾಕಬೇಡಿ. ರೆಡ್ ಆಕ್ಸೈಡ್ ನೆಲವನ್ನು ಉಜ್ಜಿಸಿ ಮೇಣ ಹಚ್ಚಿದರೆ ಮತ್ತೆ ಹೊಳೆಯುತ್ತದೆ. ಇವತ್ತು ಅಂಥ ನೆಲ ಹಾಕುವ ಕೈಗಳು ಬಹಳ ಕಡಿಮೆ. ಬಿಳಿ ಟೈಲ್ಸ್ ಎಲ್ಲ ಮನೆಯಲ್ಲೂ ಸಿಗುತ್ತದೆ. ಕಾಲಿಟ್ಟರೆ ತಂಪಾಗುವ ನೆಲವನ್ನು ಹುಡುಕಿಕೊಂಡು ಬರುವವರು ಇದ್ದಾರೆ, ಅವರು ಬಾಡಿಗೆಯೂ ಸ್ವಲ್ಪ ಹೆಚ್ಚು ಕೊಡುತ್ತಾರೆ.

ಕೆಲಸದವರ ಜೊತೆ ಕರಾರು ಬರೆದುಕೊಳ್ಳಿ. ಯಾವ ಕೆಲಸಕ್ಕೆ ಎಷ್ಟು, ಯಾವ ಹಂತಕ್ಕೆ ಎಷ್ಟು ದುಡ್ಡು, ಸಾಮಾನು ಯಾರದು. ಹಳೇ ಮನೆಯಲ್ಲಿ ಗೋಡೆ ಒಡೆದ ಮೇಲೆ ಕಾಣುವ ಕೆಲಸವೇ ಬೇರೆ. ಅಂದಾಜಿನ ಮೇಲೆ 20% ಪಕ್ಕಕ್ಕೆ ಇಟ್ಟಿರಿ. ಒಡೆದ ಇಟ್ಟಿಗೆ, ಗಾರೆಯನ್ನು ಖಾಲಿ ಸೈಟಿಗೋ ಕೆರೆ ದಂಡೆಗೋ ಸುರಿಯದಂತೆ ಕಾಂಟ್ರಾಕ್ಟರ್‌ಗೆ ಮೊದಲೇ ಹೇಳಿ.

ಹಂತ 7: ಬಾಡಿಗೆ ಮತ್ತು ತೆರಿಗೆ

ಶಾಲೆ ಶುರುವಾಗುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಮನೆ ಬದಲಿಸುವವರು ಜಾಸ್ತಿ. ಕೆಲಸ ಆ ಹೊತ್ತಿಗೆ ಮುಗಿಯುವಂತೆ ನೋಡಿಕೊಳ್ಳಿ. 11 ತಿಂಗಳ ಕರಾರು, ವರ್ಷಕ್ಕೆ ಎಷ್ಟು ಏರಿಕೆ, ನೀರಿನ ದುಡ್ಡು ಹೇಗೆ ಹಂಚುವುದು, ಬಿಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ, ಎಲ್ಲ ಬರೆದಿರಲಿ. ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣದ ಹೆಸರಲ್ಲಿ ಹಿಡಿಯುವುದು ಇಲ್ಲಿ ರೂಢಿಯಾಗಿದೆ. ಬಣ್ಣ ಹೊಡೆಸದೇ ಅದನ್ನು ಇಟ್ಟುಕೊಳ್ಳಬೇಡಿ. ನಿಮ್ಮ ರಿಪೇರಿ ಖರ್ಚಿಗೆಂದು ಲೀಸ್‌ಗೆ ಕೊಟ್ಟು ದೊಡ್ಡ ಮೊತ್ತ ಎತ್ತುವ ಆಸೆ ಬರಬಹುದು. ವಾಪಸ್ ಕೊಡುವ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇಡುವ ಶಕ್ತಿ ಇದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಬಾಡಿಗೆ ಆದಾಯದಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರ 30% ರಿಪೇರಿ ಮತ್ತಿತರ ಖರ್ಚಿಗೆಂದು ತಾನಾಗಿಯೇ ಕಳೆಯುತ್ತಾರೆ. ಸಾಲದ ಬಡ್ಡಿಗೂ ವಿನಾಯಿತಿ ಇದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ ಸಿಗುತ್ತದೆ.

ಮುಂದೆ ಮಾರುವ ಯೋಚನೆ ಇದ್ದರೆ 24 ತಿಂಗಳು ಇಟ್ಟುಕೊಂಡ ಮೇಲೆ ಮಾರಿ. ಆಗ ಲಾಭದ ಮೇಲೆ 12.5% ತೆರಿಗೆ. ಅದಕ್ಕಿಂತ ಮುಂಚೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ಅದರ ದರ ಬೀಳುತ್ತದೆ. ಮನೆಯ ಮೌಲ್ಯ ಹೆಚ್ಚಿಸಿದ ಖರ್ಚನ್ನು ಕೊಂಡ ಬೆಲೆಗೆ ಸೇರಿಸಿ ತೋರಿಸಬಹುದು, ಆದರೆ ಬಿಲ್ ಬೇಕು. ಮೇಸ್ತ್ರಿಗೆ, ಪ್ಲಂಬರ್‌ಗೆ, ಕಂಬಿ ಅಂಗಡಿಗೆ ಕೊಟ್ಟದ್ದೆಲ್ಲ ಬ್ಯಾಂಕಿನ ಮೂಲಕವೇ ಹೋಗಲಿ. ಜಿಎಸ್‌ಟಿ ಬಿಲ್, ಎಂಜಿನಿಯರ್ ವರದಿ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋ, ಹೊಸ ಪೈಪು ವೈರು ಗೋಡೆಯಲ್ಲಿ ಎಲ್ಲಿ ಹೋಗಿದೆ ಎಂಬ ಚಿತ್ರ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಮುಂದೆ ಆ ಮನೆ ಕೊಳ್ಳಲು ಬರುವವರೂ ಇದೇ ಕಾಗದಗಳನ್ನು ಕೇಳುತ್ತಾರೆ.